ಪಕ್ಕದ ಪೆಗ್‌ನವನ ಸುಳ್ಳು

ಓದುಗರ ಪತ್ರದ ಸಾರ: ನಾನು ಹಾವೇರಿ ಕಡೆಯವನು. ಕೆಲಸದ ಮೇಲೆ ಇಂಗ್ಲೆಂಡಿನ ವಾರಿಕ್‌ಶೈರ್‌ಗೆ ಬಂದವನಿಗೆ ಇಲ್ಲಿಯ ಗೆಂಡೆ ಮೀನಿನ ಗಾಳದ ಪಂದ್ಯಗಳ ರುಚಿ ಹತ್ತಿದೆ. ಕಳೆದ ಶನಿವಾರ ಬೆಳಗ್ಗೆ ನನ್ನ ಜೊತೆ ಕೂತು ತಿಂಡಿ ತಿಂದವರೇ ದಡದ ಮೇಲಿನ ಜಾಗ ಹಂಚಲು ಚೀಟಿ ಎತ್ತಿದಾಗ ಪಕ್ಕದ ಪೆಗ್‌ಗೆ, ಅಂದರೆ ಪಕ್ಕದ ಜಾಗಕ್ಕೆ, ಬಂದರು. ಪಂದ್ಯದ ಐದು ಗಂಟೆಯಲ್ಲಿ ಎಷ್ಟು ಸಲ ‘ಹೇಗಿದೆ’ ಎಂದು ಕೇಳಿದರೂ ‘ಏನಿಲ್ಲ, ಒಂದೆರಡು’ ಎಂದೇ ಉತ್ತರ. ತೂಕ ಹಾಕಿದಾಗ ಅವರದು 112 ಪೌಂಡ್, ನನ್ನದು 64. ಸಾಲದ್ದಕ್ಕೆ ನಡುವೆ, ಹಿಡಿದ ಮೀನನ್ನು ತೂಕದ ತನಕ ನೀರಿನಲ್ಲೇ ಇಡುವ ಬಲೆಯ ಬಗ್ಗೆ, ‘ನೆಟ್ ಬದಲಾಯಿಸು’ ಎಂದು ಕೂಗಿ ನನ್ನ ಗಮನ ಬೇರೆ ಕೆಡಿಸಿದರು. ಸಂಜೆ ಅದೇ ಮನುಷ್ಯ ತಾನು ಬಳಸಿದ ದಾರ, ಕೊಕ್ಕೆ, ಎರೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಇದು ಸ್ನೇಹವೋ, ನಾಟಕವೋ? ಗಾಳ ಹಾಕುವುದು ನೆಮ್ಮದಿಗೆ, ಅಲ್ಲೂ ಪೈಪೋಟಿ ಏಕೆ? ಇಂಥ ಪಂದ್ಯವನ್ನು ನಮ್ಮ ಕಾವೇರಿಯಲ್ಲೋ ಊರ ಕೆರೆಯಲ್ಲೋ, ಸುಳ್ಳಿಲ್ಲದೆ ನಡೆಸಲಾಗದೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದ ಜೀವ ಇರುವುದು ನೀವು ದೂರಿನ ನಡುವೆ ತೂರಿಸಿಬಿಟ್ಟಿರುವ ಆ ನೆಟ್ಟಿನ ಮಾತಿನಲ್ಲಿ. ತೂಕದ ಹಾಳೆಯ ಫೋಟೊ ಕಳಿಸಿದ್ದೀರಲ್ಲ, ಅದನ್ನು ಇನ್ನೊಮ್ಮೆ ತೆರೆದು ನೋಡಿ. ನಿಮ್ಮ ಹೆಸರಿನ ಮುಂದೆ ಮೊದಲು 61 ಎಂದು ಬರೆದು, ಅಡ್ಡಗೀಟು ಎಳೆದು, 50 ಮಾಡಿದ್ದಾರೆ. ಎರಡನೇ ನೆಟ್‌ನದು 14. ಹೀಗಾಗಿ ನಿಮ್ಮ ಲೆಕ್ಕ 64. ಆ ಕೆರೆಯಲ್ಲಿ ಒಂದು ಕೀಪ್‌ನೆಟ್‌ಗೆ 50 ಪೌಂಡ್ ಮಿತಿ, ಮೇಲಿನದೆಲ್ಲ ಲೆಕ್ಕಕ್ಕಿಲ್ಲ. ನೀವೇ ಹಿಡಿದ 11 ಪೌಂಡ್ ಮೀನನ್ನು ನೀವೇ ನೀರಿಗೆ ದಾನ ಮಾಡಿ ಬಂದಿದ್ದೀರಿ. ಪಕ್ಕದವರು ಕೂಗಿದ್ದು ಅದು ಆಗಬಾರದೆಂದು.

ಈ ಮಿತಿ ಮೀನಿನ ಒಳಿತಿಗಾಗಿ. ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಐದಾರು ಪೌಂಡಿನ ಗೆಂಡೆಗಳನ್ನು ಒಂದೇ ನೆಟ್‌ಗೆ ಒತ್ತಿ ತುಂಬಿದರೆ ಕೆಳಗಿನವು ನಲುಗುತ್ತವೆ, ಎತ್ತುವಾಗ ಹುರುಪೆ ಕಿತ್ತು ಬರುತ್ತದೆ. ಅದಕ್ಕೇ ಪಳಗಿದವರ ಪಕ್ಕದಲ್ಲಿ ಒತ್ತಿ ಎಣಿಸುವ ಕ್ಲಿಕ್ಕರ್ ಇರುತ್ತದೆ, ಒಂದು ನೆಟ್‌ಗೆ ಒಂದು. ಐದು ಪೌಂಡಿನ ಮೀನಿಗೆ ಐದು ಒತ್ತು. ಹೊಸಬರು ತಪ್ಪುವುದು ಎರಡು ಕಡೆ. ದಪ್ಪ ಹೊಟ್ಟೆಯ ಮೀನನ್ನು ಉದ್ದ ನೋಡಿ ಅಂದಾಜು ಮಾಡಿ ಒಂದೋ ಎರಡೋ ಪೌಂಡ್ ಕಡಿಮೆ ಒತ್ತುತ್ತಾರೆ, ಮೇಲಿಂದ ಮೇಲೆ ಮೀನು ಬೀಳುವಾಗ ಒತ್ತುವುದನ್ನೇ ಮರೆಯುತ್ತಾರೆ. ಅನುಭವಿಗಳು 50 ಆಗುವ ತನಕ ಕಾಯದೆ ಕ್ಲಿಕ್ಕರ್ 40 ತೋರಿಸಿದಾಗಲೇ ಮುಂದಿನ ನೆಟ್‌ಗೆ ಹೋಗಿಬಿಡುತ್ತಾರೆ. ನಿಮ್ಮ ನೆರೆಯವರು ತಮ್ಮ ಮೀನಿನ ಜೊತೆಗೆ ನಿಮ್ಮ ಮೀನನ್ನೂ ಎಣಿಸುತ್ತಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ. ಪಂದ್ಯವನ್ನು ನಾಲ್ಕೋ ಆರೋ ಪೆಗ್‌ಗಳ ಸೆಕ್ಷನ್‌ಗಳಾಗಿ ಒಡೆದು ಒಂದೊಂದಕ್ಕೂ ಬಹುಮಾನ ಇಟ್ಟಿರುತ್ತಾರೆ. ಕೆರೆಯ ಆಚೆ ದಡದವನು ಇನ್ನೂರು ಪೌಂಡ್ ಹಿಡಿದರೂ ಚಿಂತೆಯಿಲ್ಲ, ಸೋಲಿಸಬೇಕಾದದ್ದು ಎಡಬಲದವರನ್ನು. ಅವರು ಬಾಯಿ ಮುಚ್ಚಿಕೊಂಡಿದ್ದರೆ ಲಾಭ ಅವರಿಗೇ ಇತ್ತು. ಆದರೂ ಕೂಗಿದರು. ನೀವು ಅದನ್ನು ಕುತಂತ್ರ ಎಂದುಕೊಂಡಿರಿ!

ಇನ್ನು ‘ಒಂದೆರಡು’ ಎಂಬ ಸುಳ್ಳು. ದಡದ ಮೇಲೆ ಆ ಮಾತನ್ನು ಯಾರೂ ನಂಬುವುದಿಲ್ಲ, ನಂಬಲಿ ಎಂದು ಯಾರೂ ಹೇಳುವುದೂ ಇಲ್ಲ. ತನ್ನ ನೆಟ್‌ನಲ್ಲಿ ಎಷ್ಟಿದೆ ಎಂಬುದನ್ನು ಮುಚ್ಚಿಡುವುದು ಆಟದ ಹಕ್ಕು. ನಿಯಮದ ಬಗ್ಗೆ, ಸಮಯದ ಬಗ್ಗೆ, ತಕ್ಕಡಿಯ ಬಗ್ಗೆ ಸುಳ್ಳು ಹೇಳಿದರೆ ಮಾತ್ರ ಮುಂದಿನ ವಾರ ಚಹಾಕ್ಕೆ ಯಾರೂ ಕರೆಯುವುದಿಲ್ಲ. ಈ ಗೆರೆಯನ್ನು ಆ ಜನ ಬರೆದಿಟ್ಟುಕೊಂಡಿಲ್ಲ, ದಾಟುವುದೂ ಇಲ್ಲ.

ಅಲ್ಲದೆ ಸುಳ್ಳು ಹೇಳಿದ್ದು ಅವರ ಬಾಯಿ, ಕೈಯಲ್ಲ. ಹದಿಮೂರು ಮೀಟರ್ ಉದ್ದದ ಕಾರ್ಬನ್ ಪೋಲ್, ಅಂದರೆ ಗಾಳದ ಕೋಲು, ಹಿಡಿದವನು ಏನನ್ನು ಬಚ್ಚಿಡಬಲ್ಲ? ಮೀನು ಎಳೆದಾಗ ಪೋಲ್‌ನ ತುದಿಯಿಂದ ಹೊರಗೆ ಚಾಚುವ ಎಲಾಸ್ಟಿಕ್‌ನ ಬಣ್ಣ ನೋಡಿದರೆ ಅದರ ಬಲ ತಿಳಿಯುತ್ತದೆ, ಬಲ ತಿಳಿದರೆ ಎಂಥ ಮೀನಿನ ನಿರೀಕ್ಷೆ ಎಂಬುದೂ. ತುದಿಗೆ ಸಿಕ್ಕಿಸಿದ ಎರೆಯ ಬಟ್ಟಲು ಚಿಕ್ಕದೋ ದೊಡ್ಡದೋ, ಎಷ್ಟು ಹೊತ್ತಿಗೊಮ್ಮೆ ಸುರಿಯುತ್ತಾನೆ, ಪೋಲ್‌ನ ಎಷ್ಟು ಭಾಗ ಕಳಚಿ ಹಿಂದೆ ಇಟ್ಟಿದ್ದಾನೆ, ಎಲ್ಲವೂ ಬಟಾಬಯಲು. ಕೊನೆಯ ಒಂದೂವರೆ ಗಂಟೆ ಅವರು ದೂರ ಬಿಟ್ಟು ಕಾಲಬುಡದ ದಡದಂಚಿಗೆ ಬಂದರು ಎಂದು ನೀವೇ ಬರೆದಿದ್ದೀರಿ. ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಹಿಡಿದುಕೊಂಡು ಕೂತರೆ ತಪ್ಪು ಯಾರದು?

ನಿಮ್ಮ ಸೋಲಿನ ಕಾರಣವೂ ನಿಮ್ಮ ಪತ್ರದಲ್ಲೇ ಇದೆ. 13 ಮೀಟರ್ ದೂರದಲ್ಲಿ 6 ಮಿ.ಮೀ. ಗಟ್ಟಿ ಪೆಲೆಟ್ (ಕಾಳಿನಂಥ ಮೀನಿನ ಮೇವು), ಕವಣೆಯಿಂದ ಬಿಡುವಿಲ್ಲದೆ ಎಸೆತ, ಬೆಂಡು ಮುಳುಗಿದಂತಾಗಿ ಎತ್ತಿದರೆ ಖಾಲಿ, ಸಿಕ್ಕವುಗಳಲ್ಲೂ ಕೆಲವು ರೆಕ್ಕೆಗೋ ಬೆನ್ನಿಗೋ ಕೊಕ್ಕೆ ಚುಚ್ಚಿಕೊಂಡು ಓಡಿದವು. ಪೆಲೆಟ್ ನೀರಿಗೆ ಬೀಳುವ ಟಪಟಪ ಸದ್ದಿಗೇ ಗೆಂಡೆ ಬರುತ್ತದೆ. ಆದರೆ ಸತತವಾಗಿ ಎಸೆದರೆ ತಳಕ್ಕೆ ಇಳಿಯುವ ಮುಂಚೆಯೇ ತಿನ್ನಲು ಮೇಲೇರಿ ಬರುತ್ತದೆ. ಆಗ ಮೈ ದಾರಕ್ಕೆ ತಾಗಿ ಬೆಂಡು ಕುಣಿಯುತ್ತದೆ, ನೀವು ಎತ್ತುತ್ತೀರಿ, ಕೊಕ್ಕೆ ಬಾಯಿ ಬಿಟ್ಟು ಬೇರೆಲ್ಲ ಕಡೆ ಚುಚ್ಚುತ್ತದೆ. ಪರಿಹಾರ ಎರಡು. ಕವಣೆ ಕೆಳಗಿಟ್ಟು ಪೋಲ್‌ನ ತುದಿಯ ಪುಟ್ಟ ಬಟ್ಟಲಿನಿಂದ ಎಂಟು ಹತ್ತು ಕಾಳನ್ನು ಕೊಕ್ಕೆಯ ನೆತ್ತಿಯ ಮೇಲೇ ಬಿಡಿ, ಮೀನು ತಳಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಹಟ ಬಿಟ್ಟು ಬೆಂಡಿನ ಕೆಳಗೆ ಒಂದೂವರೆ ಅಡಿ ದಾರ ಮಾತ್ರ ಇರುವ ಇನ್ನೊಂದು ಗಾಳಕ್ಕೆ ಬದಲಾಯಿಸಿ, ಮೀನು ಇರುವಲ್ಲಿಗೆ ನೀವೇ ಹೋಗಿ.

ಅವರು ದಡದಲ್ಲಿ ಮಾಡಿದ್ದು ಬೇರೆ ಲೆಕ್ಕ. ಪಂದ್ಯ ಶುರುವಾಗುವ ಮುಂಚೆಯೇ ಕೊಕ್ಕೆಗೆ ಸೀಸದ ಗುಂಡು ಸಿಕ್ಕಿಸಿ ಆಳ ಅಳೆದು, ಇಳಿಜಾರು ಮುಗಿದು ತಳ ಸಮವಾಗುವ, ಸುಮಾರು ಎರಡಡಿ ನೀರಿರುವ ಜಾಗ ಗುರುತು ಮಾಡಿಟ್ಟುಕೊಂಡಿರುತ್ತಾರೆ. ಅದಕ್ಕಿಂತ ಆಳ ಕಡಿಮೆಯಾದರೆ ಮೀನು ಬೆದರುತ್ತದೆ, ಹೆಚ್ಚಾದರೆ ನೀರಿನ ನಡುವೆ ತೇಲಾಡುತ್ತದೆ. ಹಿಟ್ಟಿನಂಥ ಗ್ರೌಂಡ್‌ಬೇಟ್‌ಗೆ ಸತ್ತ ಮ್ಯಾಗಟ್ ಹುಳು ಬೆರೆಸಿ ದೊಡ್ಡ ಬಟ್ಟಲಿನಲ್ಲಿ ಒಮ್ಮೆಗೇ ಸುರಿದು ಬಿಟ್ಟುಬಿಡುವುದು. ಹುಳು ಸತ್ತಿರಬೇಕು, ಏಕೆಂದರೆ ಜೀವಂತವಾದದ್ದು ಕೆಸರಿನೊಳಗೆ ನುಸುಳಿಹೋಗುತ್ತದೆ. ಪಂದ್ಯದ ಮೊದಲಿಂದಲೇ ದಡಕ್ಕೆ ಎರೆ ಹಾಕುತ್ತಾ ಬಂದರೆ ಚಿಲ್ಲರೆ ಮೀನು ಮುತ್ತಿಕೊಳ್ಳುತ್ತದೆ. ಹೊತ್ತು ಇಳಿದಾಗ, ದಡದ ಗದ್ದಲಕ್ಕೆ ಒಗ್ಗಿಕೊಂಡ ದೊಡ್ಡ ಗೆಂಡೆ ಅಂಚಿಗೆ ಬರುತ್ತದೆ. ಅವರ ಚೀಟಿಯಲ್ಲಿರುವುದೂ ಇದಕ್ಕೆ ಸರಿಹೊಂದುತ್ತದೆ: 0.19 ಮಿ.ಮೀ. ದಾರ, ಮುಳ್ಳಿಲ್ಲದ 14ನೇ ನಂಬರಿನ ಕೊಕ್ಕೆ, ಅದಕ್ಕೆ ಆರೇಳು ಸತ್ತ ಹುಳು. ‘ಬೆಂಡು ಪೂರ್ತಿ ಮಾಯವಾಗುವ ತನಕ ಎತ್ತಬೇಡ’ ಎಂದು ಅಡಿಗೆರೆ ಹಾಕಿ ಬರೆದಿದ್ದಾರೆ. ಮುಂದಿನ ಶನಿವಾರ ಇದೇ ಚೀಟಿ ಹಿಡಿದು ನೀವು ತಮ್ಮನ್ನೇ ಸೋಲಿಸಬಹುದೆಂದು ಗೊತ್ತಿದ್ದೂ ಬರೆದುಕೊಟ್ಟರಲ್ಲ, ಸ್ವಾಮಿ, ನಾಟಕ ಆಡುವವರು ಇಷ್ಟು ಖರ್ಚು ಮಾಡುವುದಿಲ್ಲ.

ನೆಮ್ಮದಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಳಗಿನ ಮಂಜಿನಲ್ಲಿ ಒಬ್ಬರೇ ಕೂತು ಗಾಳ ಹಾಕುವ ಸುಖ ದೊಡ್ಡದೇ. ಇಂಗ್ಲೆಂಡಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್ 1952ರಲ್ಲಿ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದಾಗ ಅಲ್ಲಿ ಸೀಟಿಯೂ ಇರಲಿಲ್ಲ, ಪೆಗ್ಗೂ ಇರಲಿಲ್ಲ. ಆ ದಾರಿ ಬೇಕಿದ್ದವರು ಹಿಡಿಯಲಿ. ಆದರೆ ಒಂಟಿಯಾಗಿ ಕೂತವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂದು ತಿಳಿಸುವವರು ಯಾರು? ಮೀನು ಬೀಳದಿದ್ದರೆ ಇವತ್ತು ಮೀನಿಗೆ ಹಸಿವಿಲ್ಲ ಎಂದು ಎದ್ದು ಬರುತ್ತಾನೆ. ಪಂದ್ಯದಲ್ಲಿ ಹಾಗೆನ್ನಲು ಬರುವುದಿಲ್ಲ. ಅದೇ ನೀರು, ಅದೇ ಗಾಳಿ, ಹತ್ತು ಮಾರು ಆಚೆ ಕೂತವನಿಗೆ ಮೀನು ಬೀಳುತ್ತಿದೆ.

ಪೆಗ್ ಹಂಚುವ ಚೀಟಿಯಲ್ಲಿ ಅದೃಷ್ಟ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಮೂಲೆಯ ಪೆಗ್ ಸಿಕ್ಕವನಿಗೆ ಒಂದು ಬದಿಯಲ್ಲಿ ನೆರೆಯೇ ಇಲ್ಲ, ಆ ಕಡೆಯ ನೀರೆಲ್ಲ ಅವನದು. ಬೇಸಿಗೆಯಲ್ಲಿ ಬೆಚ್ಚಗಿನ ಗಾಳಿ ತಳ್ಳುವ ದಡಕ್ಕೆ ಮೀನು ಸೇರುತ್ತದೆ. ಚಳಿಗಾಲದಲ್ಲಿ ಗೆಂಡೆಗಳು ಒಂದೇ ಕಡೆ ಗುಂಪುಗಟ್ಟಿ ನಿಂತುಬಿಡುವುದರಿಂದ ಆ ಗುಂಪಿನ ಮುಂದೆ ಕೂತವನದೇ ದಿನ. ಸೆಕ್ಷನ್ ಬಹುಮಾನ ಬಂದದ್ದೇ ಈ ಏರುಪೇರನ್ನು ತಗ್ಗಿಸಲು. ಗಾಳದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ತಂಡದ ಐವರನ್ನು ಐದು ಬೇರೆ ಬೇರೆ ವಲಯಗಳಲ್ಲಿ ಕೂರಿಸಿ, ತೂಕಕ್ಕಿಂತ ವಲಯದೊಳಗಿನ ಸ್ಥಾನಕ್ಕೆ ಅಂಕ ಕೊಡುತ್ತಾರೆ. ಅದು ಗೆಂಡೆಯದೇ ಪಂದ್ಯವಲ್ಲ, ಆದರೆ ಸ್ನೇಹದ ಪೈಪೋಟಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬಾಬ್ ನಡ್ 1994 ಮತ್ತು 1999ರಲ್ಲಿ, ಅಲನ್ ಸ್ಕಾಥಾರ್ನ್ 1996ರಿಂದ 1998ರ ತನಕ ಸತತ ಮೂರು ವರ್ಷ, ವೈಯಕ್ತಿಕ ಪ್ರಶಸ್ತಿ ಗೆದ್ದರು. ಇಬ್ಬರೂ ಇಂಗ್ಲೆಂಡಿನವರೇ. ಆರು ವರ್ಷದಲ್ಲಿ ಐದು ಕಿರೀಟ ಒಂದೇ ದೇಶದ ಈ ಇಬ್ಬರ ತಲೆಯ ಮೇಲೆ!

ನಮ್ಮಲ್ಲೂ ಇಂಥದ್ದು ಇಲ್ಲದ್ದಲ್ಲ. ಕರಾವಳಿಯ ಯಕ್ಷಗಾನದ ಜೋಡಾಟ ನೋಡಿದವರಿಗೆ ಗೊತ್ತು. ಪಕ್ಕಪಕ್ಕದ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆ ಚೆಂಡೆ ಏರಿದರೆ ಆ ಕಡೆಯೂ ಏರಬೇಕು, ಜನ ಯಾವ ಕಡೆ ವಾಲುತ್ತಾರೆಂದು ಇಬ್ಬರಿಗೂ ಕಣ್ಣು. ಆ ಬಿಸಿ ಈಗ ನಮ್ಮ ಬೇರೆ ಸ್ಪರ್ಧೆಗಳಲ್ಲಿ ಎಲ್ಲಿದೆ ಹೇಳಿ. ರಂಗೋಲಿ ಸ್ಪರ್ಧೆಗೆ ಹದಿನೈದು ಜನ ಬಂದರೆ ಮೂರು ಬಹುಮಾನ, ಹನ್ನೆರಡು ಸಮಾಧಾನಕರ ಬಹುಮಾನ. ಸೋತವರು ಯಾರೂ ಇಲ್ಲ, ಆದ್ದರಿಂದ ಗೆದ್ದವರೂ ಇಲ್ಲ. ಕಥಾಸ್ಪರ್ಧೆಯ ಫಲಿತಾಂಶ ಬಂದ ವಾರ ಯಾವ ಪತ್ರಿಕೆಯ ಅಂಚೆ ತೆರೆದರೂ ತೀರ್ಪುಗಾರರ ಜಾತಿ, ಊರು, ನೆಂಟಸ್ತಿಕೆಯ ಸಂಶೋಧನೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಗೆದ್ದ ಕತೆಯನ್ನು ಇಟ್ಟುಕೊಂಡು ‘ಇದರಲ್ಲಿ ಇರುವುದೇನು, ನನ್ನದರಲ್ಲಿ ಇಲ್ಲದ್ದೇನು’ ಎಂದು ಕೇಳುವವರು ಅಪರೂಪ. ಗೆದ್ದವರಾದರೂ ಹೇಳಿಕೊಡುತ್ತಾರೆಯೇ? ಸಾರಿನ ಪುಡಿಯ ಅಳತೆಯನ್ನೇ ಸೊಸೆಗೆ ಹೇಳದ ಮನೆಗಳಿವೆ. ಮದುವೆಯ ಅಡುಗೆಯವರನ್ನು ಕೇಳಿದರೆ ‘ಎಲ್ಲಾ ಕೈ ಅಂದಾಜು’ ಎಂದು ನಗುತ್ತಾರೆ. ಪಂದ್ಯ ಮುಗಿದ ಮೇಲೂ ‘ಒಂದೆರಡು’ ಎನ್ನುವ ಜನ ನಾವು.

ಇನ್ನು ಕೊನೆಯ ಪ್ರಶ್ನೆ. ಕಾವೇರಿ ಬೇಡ. ಅಲ್ಲಿಯ ಮಹಶೀರ್ ಕೂಡ ಗೆಂಡೆಯ ವಂಶದ್ದೇ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದದ್ದು ಇಂದಿಗೂ ಗಾಳದವರ ಬಾಯಲ್ಲಿದೆ. ಆದರೆ ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಅದನ್ನು ಕೀಪ್‌ನೆಟ್‌ಗೆ ತುಂಬಿ ತೂಗುವ ಪಂದ್ಯವನ್ನು ನಾನಂತೂ ಬೆಂಬಲಿಸಲಾರೆ.

ಊರ ಕೆರೆಯಾದರೆ ಮೊದಲು ಮೀನಿನ ಗುತ್ತಿಗೆ ಯಾರದೆಂದು ನೋಡಿ, ಅವರ ಒಪ್ಪಿಗೆ ಪಡೆಯಿರಿ. ಅವರು ಬಿಟ್ಟ ಮರಿಯನ್ನು ನೀವು ಹಿಡಿದು ಮತ್ತೆ ನೀರಿಗೇ ಬಿಡುತ್ತೀರಿ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಮೃಗಾಲ್ ಮತ್ತು ಗೆಂಡೆ ತಳದವು. ಯಾವುದು ಲೆಕ್ಕಕ್ಕೆ ಎಂದು ಮೊದಲೇ ಗೊತ್ತು ಮಾಡಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಸಿ. ನಮ್ಮ ಬಿಸಿಲಿಗೆ ಕೀಪ್‌ನೆಟ್ ಆಗದು. ಬೆಳಗ್ಗೆ ಆರಕ್ಕೆ ಸೀಟಿ, ಹತ್ತೂವರೆಗೆ ಮುಕ್ತಾಯ, ಹಿಡಿದ ಮೀನನ್ನು ಆಗಿಂದಾಗ ಒದ್ದೆ ಜೋಲಿಯಲ್ಲಿ ತೂಗಿ, ಪಕ್ಕದ ಪೆಗ್‌ನವರಿಂದಲೇ ರುಜು ಹಾಕಿಸಿ ನೀರಿಗೆ ಬಿಡುವುದು. ತೂಕವೆಲ್ಲ ಹೀಗೆ ಪಕ್ಕದವರ ಕಣ್ಣೆದುರೇ ಆಗುವುದರಿಂದ ಸುಳ್ಳಿಗೆ ಜಾಗ ಕಡಿಮೆ, ನಿಮಗೆ ಸಂತೋಷವಾಗಬಹುದು, ನನಗೆ ಸ್ವಲ್ಪ ಸಪ್ಪೆ. ತಕ್ಕಡಿಯನ್ನು ಮಾತ್ರ ರೇಷನ್ ಅಂಗಡಿಯಿಂದ ತರಬೇಡಿ.