ಹಳೆ ಕಾರಿನ ಪವರ್ ವಿಂಡೋ ಕಿರ್ ಅಂತಿದೆ, ಮೋಟರ್ ಬದಲಿಸಲೇಬೇಕಾ?

ನಮಸ್ಕಾರ ರೀ. ನಿಮ್ಮದು 2010ರ ಕಾರು. ಡ್ರೈವರ್ ಕಡೆಯ ಗ್ಲಾಸ್ ಏರುವಾಗ ಕಿರ್ ಅನ್ನುತ್ತದೆ, ನಿಧಾನಕ್ಕೆ ಏರುತ್ತದೆ, ಗ್ಯಾರೇಜಿನವರು ಮೋಟರ್ ಸಮೇತ ಗ್ಲಾಸ್ ಏರಿಸಿ ಇಳಿಸುವ ಮಷಿನ್ ಬದಲಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಸದ್ಯಕ್ಕೆ ಏನೂ ಬದಲಿಸಬೇಡಿ. ಮೊದಲು ಸಪ್ಪಳ ಎಲ್ಲಿಂದ ಬರುತ್ತಿದೆ ಅಂತ ಗೊತ್ತು ಮಾಡಿಕೊಳ್ಳಿ.

ನಾನಿರುವುದು ವಿಜಯಪುರದಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಸಿಂದಗಿ ಕಡೆಗೋ ಇಂಡಿ ಕಡೆಗೋ ಹೋಗಿ ಬಂದರೆ ಡೋರಿನ ಸಂದಿಯಲ್ಲೆಲ್ಲ ಎರೆಮಣ್ಣಿನ ಧೂಳು. ಗ್ಲಾಸ್ ಜಾರುವ ರಬ್ಬರ್ ಬೀಡಿಂಗ್ ಒಳಗೆ ಮಖಮಲ್ ನಾರು ಇರುತ್ತದಲ್ಲ, ಧೂಳು ಹೋಗಿ ಕೂರುವುದು ಅಲ್ಲೇ. ಬಿಸಿಲಿಗೆ ರಬ್ಬರ್ ಬಿರುಸಾಗುತ್ತದೆ, ನಾರು ಸವೆಯುತ್ತದೆ, ಗ್ಲಾಸ್ ಉಜ್ಜಿಕೊಂಡೇ ಏರಬೇಕಾಗುತ್ತದೆ. ಆ ಭಾರವೆಲ್ಲ ಮೋಟರ್ ಮೇಲೆ. ನಮ್ಮ ಕಡೆಯ ಹಳೆ ಗಾಡಿಗಳಲ್ಲಿ ನಾನು ನೋಡಿದ ಕಿರ್ ಸಪ್ಪಳ ಜಾಸ್ತಿ ಇದೇ.

ಒಂದು ಸುಲಭದ ಪರೀಕ್ಷೆ ಇದೆ. ಸ್ಪ್ರೇ ಬಾಟಲಿಯ ನೀರಿಗೆ ಎರಡು ಹನಿ ಶಾಂಪೂ ಹಾಕಿ, ಗ್ಲಾಸ್ ಇಳಿಸಿ, ಎರಡೂ ಬದಿಯ ಬೀಡಿಂಗಿಗೆ ಹೊಡೆಯಿರಿ. ಈಗ ಏರಿಸಿ ನೋಡಿ. ಸಪ್ಪಳ ತಟ್ಟನೆ ಕಮ್ಮಿಯಾದರೆ ತೊಂದರೆ ರಬ್ಬರಿನದು, ಮೋಟರಿನದಲ್ಲ.

ಹಾಗಾದರೆ ಸ್ವಚ್ಛ ಮಾಡುವ ಕೆಲಸ ಇದೆ. ಪ್ಲಾಸ್ಟಿಕ್ ಸ್ಕೇಲಿಗೆ ಹಳೆ ಬನಿಯನ್ ಬಟ್ಟೆ ಸುತ್ತಿ, ಅದೇ ಶಾಂಪೂ ನೀರಲ್ಲಿ ಅದ್ದಿ ಹಿಂಡಿ, ಬೀಡಿಂಗಿನ ಸಂದಿಯೊಳಗೆ ತೂರಿಸಿ ಮೇಲಿಂದ ಕೆಳಗೆ ಎಳೆಯಿರಿ. ಮೊದಲ ಸಲ ಬಟ್ಟೆ ಕರ್ರಗೆ ಕೆಸರಾಗಿ ಬರುತ್ತದೆ. ಬಟ್ಟೆ ಬದಲಿಸುತ್ತಾ, ಅದು ಬೆಳ್ಳಗೆ ಬರುವ ತನಕ ಬಿಡಬೇಡಿ. ಮೂಲೆಗಳಲ್ಲಿ ಜಾಸ್ತಿ ಕೂತಿರುತ್ತದೆ, ಅಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಬಳಸಿ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಅದರ ಸಣ್ಣ ನಳಿಕೆಯಿಂದ ಬೀಡಿಂಗ್ ಒಳಗೇ ಹೊಡೆಯಿರಿ. ನಾಲ್ಕಾರು ಸಲ ಏರಿಸಿ ಇಳಿಸಿ, ಗ್ಲಾಸಿಗೆ ಹತ್ತಿದ ಜಿಡ್ಡು ಒರೆಸಿಬಿಡಿ.

ದಯವಿಟ್ಟು ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಯಾವುದನ್ನೂ ರಬ್ಬರಿಗೆ ಹಚ್ಚಬೇಡಿ. ಎರಡು ದಿನ ಸಪ್ಪಳ ನಿಂತಂತೆ ಅನಿಸುತ್ತದೆ. ಆಮೇಲೆ ಧೂಳು ಅದಕ್ಕೇ ಅಂಟಿ ಉಸುಕಿನ ಕಾಗದದಂತೆ ಗ್ಲಾಸ್ ಗೀರುತ್ತದೆ. ಎಂಜಿನ್ ಆಯಿಲಿಗಂತೂ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬೀಡಿಂಗ್ ಈಗಾಗಲೇ ಸೀಳಿದ್ದರೆ ಅದೊಂದನ್ನೇ ಹೊಸದು ಹಾಕಿಸಿ.

ಕಿರ್ ಅನ್ನದೆ ಕಟ್ ಕಟ್ ಅಂದರೆ, ಅಥವಾ ಗ್ಲಾಸ್ ಓರೆಯಾಗಿ ಏರಿದರೆ ಮಾತು ಬೇರೆ. ಆಗ ಡೋರಿನ ಒಳಬದಿಯ ಹೊದಿಕೆ, ಅಂದರೆ ಡೋರ್ ಪ್ಯಾಡ್ ಬಿಚ್ಚಲೇಬೇಕು. ಕೇಬಲ್ ಮಷಿನ್ ಆಗಿದ್ದರೆ ಉಕ್ಕಿನ ತಂತಿಯ ಎಳೆ ಬಿಚ್ಚಿಕೊಂಡು ರಾಟೆಗೆ ಸಿಕ್ಕಿರುತ್ತದೆ. ಅದನ್ನು ರಿಪೇರಿ ಮಾಡುವುದರಲ್ಲಿ ಅರ್ಥವಿಲ್ಲ, ಮಷಿನ್ ಬದಲಿಸಿ. ಮೋಟರ್ ಚೆನ್ನಾಗಿದ್ದರೆ ಅದನ್ನೇ ತಿರುಗಿ ಕೂರಿಸಬಹುದಾ ಅಂತ ಕೇಳಿ, ಸುಮಾರು ಕಾರುಗಳಲ್ಲಿ ಅದು ಮೂರು ಸ್ಕ್ರೂ ಮೇಲೆ ನಿಂತಿರುತ್ತದೆ. ಕತ್ತರಿ ಥರದ ಮಷಿನ್ ಇದ್ದರೆ ಮೋಟರ್ ನೀವೇ ಬಿಚ್ಚಲು ಹೋಗಬೇಡಿ. ಅದರ ಸ್ಪ್ರಿಂಗ್ ಜೋರಿಗೆ ತೋಳು ರಪ್ಪನೆ ತಿರುಗಿ ಬೆರಳು ಸಿಕ್ಕಿಕೊಳ್ಳುತ್ತದೆ. ಆ ಕೆಲಸ ಕೈ ಪಳಗಿದವರಿಗೆ ಬಿಡಿ.

ಯಾರೇ ಬಿಚ್ಚಲಿ, ಪ್ಯಾಡ್ ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹರಿದು ಎಸೆಯಲು ಬಿಡಬೇಡಿ, ಮೊದಲಿನಂತೆ ಅಂಟಿಸಲು ಹೇಳಿ. ಮಳೆಯಲ್ಲಿ ಡೋರಿನೊಳಗೆ ಇಳಿಯುವ ನೀರನ್ನು ಕಾರಿನೊಳಗೆ ಬಿಡದೆ ತಡೆಯುವುದು ಅದೇ. ಜೊತೆಗೆ ಡೋರಿನ ತಳದಲ್ಲಿ ನೀರು ಹೋಗುವ ತೂತುಗಳಿವೆ. ನಮ್ಮ ಮಣ್ಣಿಗೆ ಅವು ಮುಚ್ಚಿರುತ್ತವೆ, ಕಡ್ಡಿ ಹಾಕಿ ಬಿಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಗ್ಲಾಸ್ ನಿಧಾನ ಅನಿಸಿದರೆ ಎಂಜಿನ್ ಚಾಲೂ ಇಟ್ಟು ಒಮ್ಮೆ ನೋಡಿ. ಆಗ ಚುರುಕಾಗಿ ಏರಿದರೆ ಬ್ಯಾಟರಿ ಚೆಕ್ ಮಾಡಿಸಿ. ಆಗಲೂ ನಿಧಾನವೇ ಇದ್ದರೆ ಸ್ವಿಚ್ಚಿನ ಒಳಗೆ ಕರೆಂಟ್ ಹಾಯುವ ಪಾಯಿಂಟ್‌ಗಳು ಕಪ್ಪಾಗಿವೆಯಾ ನೋಡಿಸಿ. ಮೋಟರ್ ಬದಲಿಸುವ ಮಾತು ಅದಾದ ಮೇಲೆ.