ಬದಿಯಡ್ಕದಿಂದ, ಮೈಸೂರಿನ ಗೆಳತಿಗೆ

ಫೋನ್ ಇಟ್ಟ ಮೇಲೂ ನಿನ್ನ ಮಾತು ತಲೆಯಲ್ಲೇ ಇತ್ತು. "ಅಂಥ ಮಗುವನ್ನ ಕರ್ಕೊಂಡು ಕೇರಳಕ್ಕೆ ಹೋಗಿ ಕೂತ್ಯಲ್ಲೇ, ಅಲ್ಲಿ ಕನ್ನಡ ಮಾತಾಡೋರಾದ್ರೂ ಇದ್ದಾರಾ?" ಪ್ರೀತಿಯಿಂದಲೇ ಕೇಳಿದ್ದು, ಗೊತ್ತು ಮಾರಾಯ್ತಿ. ಆದರೂ ಚುಚ್ಚಿತು.

ನನ್ನ ಮಾವ ಹುಟ್ಟಿದ್ದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಈಗ ಮಧ್ಯಾಹ್ನ ಊಟ ಮಾಡಿ ಮಲಗುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಮನೆ ಅದೇ, ಚಾವಡಿ ಅದೇ. ನೀವು ರಾಜ್ಯೋತ್ಸವ ಮಾಡುತ್ತೀರಲ್ಲ, 1956ರ ಆ ನವೆಂಬರ್ 1ರಂದೇ ನಮ್ಮ ತಾಲೂಕು ಕೇರಳಕ್ಕೆ ಸೇರಿದ್ದು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕನ್ನಡ ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ವರದಿಯಲ್ಲೇ ಉಳಿಯಿತು. ಇದೇ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿ 2015ರಲ್ಲಿ ತೀರಿಕೊಂಡರು, ಕರ್ನಾಟಕದೊಂದಿಗೆ ವಿಲೀನದ ಆಸೆ ಆಸೆಯಾಗಿಯೇ ಉಳಿಯಿತು. ಇಲ್ಲಿ ಮನೆಯೊಳಗೆ ಕನ್ನಡ, ತೋಟಕ್ಕೆ ಇಳಿದರೆ ತುಳು, ಪೇಟೆಯಲ್ಲಿ ಮಲಯಾಳ. ಕನ್ನಡದವರು ಇದ್ದಾರಾ ಅಂತ ಕೇಳಿದರೆ ನಾನು ಎಂತ ಹೇಳುವುದು?

ಇನ್ನೊಂದು ಪ್ರಶ್ನೆಯನ್ನು ನೀನು ಕೇಳಲಿಲ್ಲ, ಬೇರೆಯವರು ಕೇಳುತ್ತಾರೆ: "ಎಂಡೋಸಲ್ಫಾನಾ?" ಅಲ್ಲ. ನನ್ನ ಮಗನಿಗಿರುವುದು ಡೌನ್ ಸಿಂಡ್ರೋಮ್, ಹುಟ್ಟಿದ್ದು ನಿಮ್ಮ ಮೈಸೂರಿನಲ್ಲೇ. ಆದರೆ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕದ ವಿಷದ ವಿರುದ್ಧ ಈ ಜಿಲ್ಲೆಯ ತಾಯಂದಿರು ಬೀದಿಗಿಳಿದು ಹೋರಾಡಿದರಲ್ಲ, ಆ ಹೋರಾಟದ ಫಲ ನನ್ನ ಮಗನಿಗೂ ಸಿಕ್ಕಿದೆ. ಇಲ್ಲಿ ಇಂಥ ಮಕ್ಕಳನ್ನು ಯಾರೂ ಒಳಕೋಣೆಯಲ್ಲಿ ಅಡಗಿಸುವುದಿಲ್ಲ. ಇಂಥ ಮಕ್ಕಳಿಗೆಂದೇ ಪಂಚಾಯತು ನಡೆಸುವ ಬಡ್ಸ್ ಶಾಲೆಗಳು ಉಂಟು. ಇದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ನನ್ನನ್ನು ದಿನಾ ಸುಸ್ತು ಮಾಡುವುದು ಬೇರೆ, ಭಾಷೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ನಾನು ಅವನನ್ನು ಎತ್ತಿಕೊಂಡು ಓಡಾಡಿದ ವರ್ಷಗಳನ್ನು ನೀನೇ ನೋಡಿದ್ದಿ. ಒಂದೊಂದು ಕನ್ನಡ ಶಬ್ದಕ್ಕೂ ಎಷ್ಟು ತಿಂಗಳು! ಇಂಥ ಮಕ್ಕಳು ಅಕ್ಷರ ಕೂಡಿಸಿ ಓದುವುದಕ್ಕಿಂತ ಇಡೀ ಶಬ್ದವನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುವುದು ಬೇಗ. 'ಹಾಲು', 'ಬಾಗಿಲು', 'ಬಸ್ಸು' ಎಲ್ಲ ಹಾಗೆಯೇ ಕಲಿತದ್ದು. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಅವನಿಗೆ ಹನ್ನೆರಡು. ಕಲಿತ ಚಿತ್ರಗಳೆಲ್ಲ ಬಸ್ಸಿನ ಹಣೆಯಿಂದ ಮಾಯವಾಗಿದ್ದವು, ಅಲ್ಲಿದ್ದದ್ದು ಮಲಯಾಳ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದ ದಿನ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಡಾಕ್ಟರು ಮೆಲ್ಲಗೆ, ನಗುತ್ತಲೇ ಕೇಳಿದರು, "ಮೋಂಡೆ ಪೇರೆಂದಾ?" ಅವನು ಅವರ ಬಾಯಿಯನ್ನೇ ನೋಡಿದ. ಇನ್ನೊಮ್ಮೆ ಕೇಳಿದರು. ನನ್ನ ಸೆರಗು ಹಿಡಿದುಕೊಂಡ. ಹೆಸರು ಹೇಳಲು ಬರುವುದಿಲ್ಲ ಅಂತ ಅವರು ಕಾಗದದಲ್ಲಿ ಬರೆದಾಯಿತು. ಬಾಗಿಲಲ್ಲಿದ್ದ ನರ್ಸ್ ನಮ್ಮ ಕಡೆಯವಳು. "ನಿನ್ನ ಹೆಸರೆಂತ ಪುಟ್ಟಾ?" ಅಂದಳು. ತನ್ನ ಹೆಸರು, ಅಪ್ಪನ ಹೆಸರು, ಊರು, ಹಟ್ಟಿಯ ದನದ ಹೆಸರು, ಎಲ್ಲ ಒಂದೇ ಉಸಿರಿಗೆ ಹೇಳಿದ. ಬರೆದದ್ದನ್ನು ಮಾತ್ರ ಯಾರೂ ಹೊಡೆದುಹಾಕಲಿಲ್ಲ. ಅವನ ಬುದ್ಧಿ ಅಳೆದರೋ, ಮಲಯಾಳ ಅಳೆದರೋ?

"ಮನೆಯಲ್ಲೂ ಮಲಯಾಳವನ್ನೇ ಮಾತಾಡಿ, ಎರಡು ಭಾಷೆಯಾದರೆ ಗೊಂದಲ" ಎಂದು ಬುದ್ಧಿ ಹೇಳಿದವರು ಎಷ್ಟೋ ಮಂದಿ. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಇಂಥ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲ ಅಂತ ಸಂಶೋಧನೆಗಳೇ ಹೇಳುತ್ತವೆ. ಅಜ್ಜಿಯ ಹತ್ತಿರ ಮಾತಾಡುವ ಭಾಷೆಯನ್ನು ಅವನಿಂದ ಕಿತ್ತುಕೊಂಡು ಯಾವ ಸ್ವಾವಲಂಬನೆ ಕೊಡುವುದು? ಕನ್ನಡ ಬಿಡಿಸಲಿಲ್ಲ. ಮಲಯಾಳವನ್ನು ಪಕ್ಕಕ್ಕೆ ಸೇರಿಸಿದೆ.

ಕುಂಬಳೆಯಲ್ಲಿ ಕಾಗದದ ಚೀಲ ಮಾಡುವ ತರಬೇತಿಗೆ ಅವನು ಒಬ್ಬನೇ ಹೋಗಬೇಕು ಅನ್ನುವುದು ನನ್ನ ಹಟ. ಅಂಗೈಯಗಲದ ರಟ್ಟು ಕತ್ತರಿಸಿದೆ. ಮೇಲೆ ಕನ್ನಡದಲ್ಲಿ 'ಕುಂಬಳೆ', ಕೆಳಗೆ ಮಲಯಾಳದಲ್ಲಿ 'ಕುಂಬಳ'. ಹಿಂಬದಿ ಹಾಗೆಯೇ 'ಬದಿಯಡ್ಕ'. ಮೊದಲ ತಿಂಗಳು ಪಕ್ಕದ ಸೀಟಿನಲ್ಲಿ ಕೂತೆ, ಆಮೇಲೆ ಹಿಂದಿನ ಸೀಟಿನಲ್ಲಿ. ಮೂರನೆಯ ತಿಂಗಳು ಮೈದುನ ಬೈಕಿನಲ್ಲಿ ಬಸ್ಸಿನ ಹಿಂದೆ ಹೋದ. ಒಂದು ದಿನ ಸೀತಾಂಗೋಳಿಯಲ್ಲೇ ಇಳಿದುಬಿಟ್ಟಿದ್ದ. ಹೆದರಿ ಓಡಿದರೆ, ಅಂಗಡಿಯ ಮುಂದೆ ನಿಂತು ರಟ್ಟನ್ನೂ ಬರುವ ಬಸ್ಸುಗಳ ಬೋರ್ಡನ್ನೂ ಹೋಲಿಸಿ ನೋಡುತ್ತಿದ್ದ. ಕೈಹಿಡಿದು ಹತ್ತಿಸಬೇಕೆಂದಿದ್ದ ಮೈದುನ ಸುಮ್ಮನೆ ದೂರ ನಿಂತ. ಮೂರನೆಯ ಬಸ್ಸಿಗೆ ಅವನೇ ಹತ್ತಿದ.

ಈಗ ರಟ್ಟಿನ ಮೂಲೆಗಳೆಲ್ಲ ಸವೆದಿವೆ. ಜೇಬಿನಲ್ಲಿ ಇರುತ್ತದೆ, ತೆಗೆಯುವುದು ಅಪರೂಪ. ಬೆಳಿಗ್ಗೆ ಕುಂಬಳೆಯಿಂದ "ಅಮ್ಮಾ, ಇಳ್ದೆ" ಅಂತ ಫೋನ್ ಬರುವವರೆಗೆ ನನಗೆ ಕಾಪಿ ಇಳಿಯುವುದಿಲ್ಲ, ಅದು ನನ್ನ ಪಾಡು.

ರಜೆಯಲ್ಲಿ ಬಾ. ಮಂಗಳೂರಿನಿಂದ ಕುಂಬಳೆಯವರೆಗೆ ಬಂದರೆ ಸಾಕು, ನಾನು ಪೇಟೆಗೆ ಬರುವುದಿಲ್ಲ. ಅವನು ನಿಂತಿರುತ್ತಾನೆ. ಬದಿಯಡ್ಕದ ಬಸ್ಸು ಯಾವುದೆಂದು ಬೋರ್ಡು ನೋಡಿ ಅವನೇ ಹೇಳುತ್ತಾನೆ, ನಿನಗೆ ಓದಲಿಕ್ಕೆ ಬರುವುದಿಲ್ಲವಲ್ಲ.