ಮೊದಲ ವರದಿ ‘ಸೆನ್ಸಿಟಿವ್’, ಎರಡನೆಯದು ‘ರೆಸಿಸ್ಟೆಂಟ್’: ಏಕೆ?

ಪ್ರಶ್ನೆ: ಐಸಿಯುವಿನಲ್ಲಿದ್ದ ನಮ್ಮ ತಂದೆಯವರ ರಕ್ತದ ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ಎಂಟೆರೊಬ್ಯಾಕ್ಟರ್ ಬ್ಯಾಕ್ಟೀರಿಯಾ ಸೆಫ್ಟ್ರಿಯಾಕ್ಸೋನ್ ಔಷಧಕ್ಕೆ ‘ಸೆನ್ಸಿಟಿವ್’ (ಮಣಿಯುವಂಥದ್ದು) ಎಂದಿತ್ತು. ಅದೇ ಔಷಧವನ್ನು ಕೊಟ್ಟರೂ ಕೆಲವು ದಿನಗಳ ಬಳಿಕದ ವರದಿ ‘ರೆಸಿಸ್ಟೆಂಟ್’ (ಪ್ರತಿರೋಧಿ) ಎಂದು ಬಂತು. ಪರೀಕ್ಷೆಯೇ ತಪ್ಪಾಗಿತ್ತೇ? ಅಥವಾ ಪ್ರಯೋಗಾಲಯದಲ್ಲಿ ಅದು ಔಷಧಕ್ಕೆ ಒಗ್ಗಿಕೊಂಡಿತೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ಆದರೆ ಎರಡೂ ವರದಿಗಳು ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ಮಾದರಿಯಲ್ಲಿ ಬೆಳೆದ ಕೆಲವೇ ಕಾಲೊನಿಗಳನ್ನು (ಬ್ಯಾಕ್ಟೀರಿಯಾದ ಗುಂಪುಗಳನ್ನು) ಆಯ್ದು, ಪೋಷಕಾಂಶವಿರುವ ಅಗಾರ್ ಎಂಬ ಲೋಳೆಯ ತಟ್ಟೆಯ ಮೇಲೆ ಹರಡಿ, ಔಷಧ ಸವರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, 16ರಿಂದ 18 ಗಂಟೆಗಳ ನಂತರ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವೃತ್ತದ ವ್ಯಾಸವನ್ನು ಅಳೆಯುತ್ತಾರೆ; ವೃತ್ತ ಸಾಕಷ್ಟು ದೊಡ್ಡದಿದ್ದರೆ ‘ಸೆನ್ಸಿಟಿವ್’ ಎನ್ನುತ್ತಾರೆ. ಆ ಅವಧಿಯಲ್ಲಿ ಪ್ರತಿರೋಧ ಹುಟ್ಟಿ ಇಡೀ ಫಲಿತಾಂಶವನ್ನೇ ತಲೆಕೆಳಗಾಗಿಸುವುದಿಲ್ಲ. ರಕ್ತದಲ್ಲಿ ಅತಿ ವಿರಳವಾಗಿದ್ದ ಪ್ರತಿರೋಧಿ ಕೋಶಗಳು ಆಯ್ದ ಕಾಲೊನಿಗಳಲ್ಲಿ ಸೇರದೆ ಹೋದರೆ, ವರದಿಯಲ್ಲಿ ಅವುಗಳ ಸುಳಿವೂ ಇರುವುದಿಲ್ಲ.

ಎಂಟೆರೊಬ್ಯಾಕ್ಟರ್‌ನ ವರ್ಣತಂತುವಿನಲ್ಲಿಯೇ ಸೆಫ್ಟ್ರಿಯಾಕ್ಸೋನ್‌ನಂತಹ ಔಷಧಗಳನ್ನು ಒಡೆಯುವ ‘ಆಂಪ್‌-ಸಿ’ ಎಂಬ ಕಿಣ್ವದ ಜೀನ್ ಇದೆ. ಸಾಮಾನ್ಯವಾಗಿ ಅದು ಹತೋಟಿಯಲ್ಲಿರುತ್ತದೆ; ರೂಪಾಂತರದಿಂದ (ಜೀನ್‌ನಲ್ಲಾದ ಬದಲಾವಣೆಯಿಂದ) ಆ ಹತೋಟಿ ತಪ್ಪಿದ ಕೆಲವು ಕೋಶಗಳು ಮಾತ್ರ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತವೆ. ಚಿಕಿತ್ಸೆಯು ಉಳಿದವನ್ನೆಲ್ಲ ಕೊಂದಾಗ ಇವು ಪೈಪೋಟಿಯಿಲ್ಲದೆ ಬೆಳೆದು, ಮುಂದಿನ ಮಾದರಿಯಲ್ಲಿ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ಹೀಗಾಗಬಹುದೆಂಬುದು ಸೂಕ್ಷ್ಮಜೀವಿ ತಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಔಷಧವು ಪ್ರತಿರೋಧವನ್ನು ಕಲಿಸುವುದಿಲ್ಲ, ಮೊದಲೇ ಇದ್ದುದನ್ನು ಆರಿಸುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ತೋರಿಸಿದರು. ಮಖಮಲ್ ಬಟ್ಟೆಯಿಂದ ಕಾಲೊನಿಗಳ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಎಂಬ ಔಷಧವಿದ್ದ ತಟ್ಟೆಗೆ ಒತ್ತಿ, ಆ ಔಷಧ ಸೋಕದ ಮೂಲ ತಟ್ಟೆಯಲ್ಲಿಯೂ ಅದನ್ನು ತಾಳುವ ಕೋಶಗಳಿದ್ದುದನ್ನು ಅವರು ಪತ್ತೆಹಚ್ಚಿದರು. ಹಂತ ಹಂತವಾಗಿ ಪ್ರತಿರೋಧ ಬಲಿಯುವುದನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಯ ತಂಡವು 2016ರಲ್ಲಿ ಕಣ್ಣಿಗೇ ಕಾಣುವಂತೆ ಮಾಡಿತು: ಟ್ರೈಮೆಥೊಪ್ರಿಮ್ ಎಂಬ ಔಷಧದ ಪ್ರಮಾಣವನ್ನು ಪಟ್ಟಿಯಿಂದ ಪಟ್ಟಿಗೆ ಏರಿಸಿದ ಬೃಹತ್ ತಟ್ಟೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಪೀಳಿಗೆಗಳು ಸುಮಾರು ಹತ್ತು ದಿನಗಳಲ್ಲಿ, ತಮ್ಮ ಮೂಲ ತಳಿಯನ್ನು ಕೊಲ್ಲುವುದಕ್ಕಿಂತ ಸಾವಿರ ಪಟ್ಟು ಹೆಚ್ಚಿನ ಪ್ರಮಾಣದಲ್ಲೂ ಬದುಕುಳಿದವು.

ಆದ್ದರಿಂದ ಮರುಪರೀಕ್ಷೆ ಮಾಡಿಸಿದ್ದು ಸರಿಯಾದ ಕ್ರಮ. ಆಂಪ್‌-ಸಿ ಕಿಣ್ವವು ಸುಲಭವಾಗಿ ಒಡೆಯಲಾರದ ಸೆಫೆಪೈಮ್‌ನಂತಹ ಔಷಧ ನಿಮ್ಮ ತಂದೆಯವರಿಗೆ ಹೊಂದುತ್ತದೆಯೇ ಎಂದು, ಎರಡೂ ವರದಿಗಳನ್ನು ದಿನಾಂಕ ಸಹಿತ ಮುಂದಿಟ್ಟು, ವೈದ್ಯರನ್ನು ಕೇಳಿ.